ಬರದ ಸೀಮೆಯ ಲಾರಿಗೆ ತುಕ್ಕು ಎಲ್ಲಿಂದ ಬಂತು?

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳು ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಗೆ ಸೇರಿದವು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಬಿದ್ದರೆ ಅದೇ ದೊಡ್ಡದು. ಮಂಗಳೂರಿನಲ್ಲಿ ಮಳೆಗಾಲದ ಒಂದು ತಿಂಗಳಲ್ಲೇ ಇದಕ್ಕಿಂತ ಹೆಚ್ಚು ಸುರಿಯುತ್ತೆ. ಹಾಗಿದ್ದಮೇಲೆ ನಮ್ಮ ಕಡೆ ಕಬ್ಬಿಣಕ್ಕೆ ತುಕ್ಕೇ ಹಿಡಿಯಬಾರದಲ್ವಾ? ಆದರೆ ತಳಕು, ಬಿ.ಜಿ.ಕೆರೆ, ರಾಂಪುರದ ಕಡೆ ಹೋಗಿ ನೋಡಿ. ಬೇವಿನ ಮರದ ಕೆಳಗೋ, ಕಣದ ಮೂಲೆಯಲ್ಲೋ ವರ್ಷಗಟ್ಟಲೆ ನಿಂತ ಲಾರಿ ಸಿಕ್ಕರೆ ಅದರ ಟಾಪು ಗಟ್ಟಿಯಾಗೇ ಇರುತ್ತೆ, ಬಾಗಿಲ ಕೆಳಗಿನ ಅಂಚು ಮಾತ್ರ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತೆ.

ಈ ಸಂಚಿಕೆಯ ಪಾಠ ಇದರ ಬಗ್ಗೆಯೇ. ತುಕ್ಕು ಹಿಡಿದ ಹಳೇ ಲಾರಿಯನ್ನು ಮನೆಯ ಹಿತ್ತಿಲಲ್ಲೇ ಮತ್ತೆ ಸರಿಮಾಡೋದು ಹೇಗೆ, ಎಲ್ಲಿಯವರೆಗೆ ನಾವೇ ಮಾಡಬಹುದು, ಎಲ್ಲಿ ಕೈ ಬಿಡಬೇಕು ಅನ್ನೋದನ್ನು ನೋಡೋಣ. ಒಂದು ಮಾತನ್ನು ಮೊದಲೇ ಹೇಳಿಬಿಡ್ತೀವಿ. ಒಣ ಸೀಮೆಯಲ್ಲಿ ತುಕ್ಕು ಎಲ್ಲ ಕಡೆ ಒಂದೇ ಸಮ ಬರಲ್ಲ. ನೀರು ಎಲ್ಲಿ ನಿಲ್ತೋ ಅಲ್ಲೇ ಬರುತ್ತೆ. ಆದ್ದರಿಂದ ತುಕ್ಕನ್ನು ಉಜ್ಜೋದಕ್ಕಿಂತ ಮುಂಚೆ ಅದನ್ನು ಓದಬೇಕು. ಓದದೆ ಉಜ್ಜಿದರೆ ಬಣ್ಣ ಹೊಸದಾಗುತ್ತೆ, ಲಾರಿ ಹಳೇದಾಗೇ ಉಳಿಯುತ್ತೆ.

ಈ ಲಾರಿಗಳು ಬಂದದ್ದು ಎಲ್ಲಿಂದ, ನಿಂತದ್ದು ಯಾಕೆ

ಶೇಂಗಾ ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ಶೇಂಗಾ, ಹಿಂಡಿ, ಈರುಳ್ಳಿ, ಗೊಬ್ಬರ ಎಲ್ಲಕ್ಕೂ ಲಾರಿ ಬೇಕು. ಹಿರಿಯರು ಇವತ್ತಿಗೂ ದೊಡ್ಡ ಲಾರಿಗೆ 'ಬೆಂಜ್ ಲಾರಿ' ಅಂತಾರಲ್ಲ, ಅದಕ್ಕೆ ಕಾರಣ ಇದೆ. ಟೆಲ್ಕೋ ಕಂಪನಿ 1954ರಿಂದ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್-ಬೆಂಜ್ ಲಾರಿಗಳನ್ನು ತಯಾರಿಸುತ್ತಿತ್ತು. ಆ ಒಪ್ಪಂದ 1969ಕ್ಕೆ ಮುಗಿದರೂ ಹೆಸರು ಜನರ ಬಾಯಲ್ಲಿ ಉಳೀತು. 1986ರಲ್ಲಿ ಟಾಟಾ 407 ಬಂದಮೇಲೆ ಸಣ್ಣ ವ್ಯಾಪಾರದವರೂ ಸ್ವಂತ ಗಾಡಿ ಇಟ್ಟುಕೊಳ್ಳುವ ಹಾಗಾಯ್ತು. ಮನೆಯಲ್ಲೇ ರಿಪೇರಿ ಮಾಡ್ತೀವಿ ಅನ್ನುವವರಿಗೆ ನಾವು ಹೇಳೋದೂ 407ರ ಗಾತ್ರದ ಗಾಡಿಯನ್ನೇ. ದೊಡ್ಡ ಲಾರಿಯ ಆಕ್ಸಲ್ ಇಳಿಸೋದು ಹಿತ್ತಿಲಲ್ಲಿ ಆಗೋ ಕೆಲಸ ಅಲ್ಲ.

ಆಮೇಲೆ ಬಳ್ಳಾರಿ, ಸಂಡೂರು ಕಡೆಯ ಅದಿರಿನ ಕಾಲ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿ, ನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರು ಹೊರುತ್ತಿದ್ದ ಲಾರಿಗಳಿಗೆ ದಿಢೀರನೆ ಕೆಲಸ ಇಲ್ಲದಾಯ್ತು. ಕಂತು ಕಟ್ಟಬೇಕಾದ ಗಾಡಿ ಅಂಗಳದಲ್ಲಿ ನಿಂತಿತು ಅಂದರೆ ಮನೆಯ ಬಂಡವಾಳವೇ ಅಲ್ಲಿ ಕರಗ್ತಾ ನಿಂತಿದೆ ಅಂತ ಅರ್ಥ. ಹಾಗಾಗಿ ಹಳೇ ಲಾರಿ ಸರಿಮಾಡೋದು ನಮ್ಮ ಕಡೆ ಬರೀ ಹವ್ಯಾಸದ ಮಾತಲ್ಲ. ಗುಜರಿಗೆ ಹಾಕೋದಾ, ಓಡಿಸೋದಾ ಅನ್ನೋ ಲೆಕ್ಕದಲ್ಲಿ ಒಂದು ಮನೆಯ ದುಡ್ಡೂ ಇದೆ, ಡ್ರೈವರ್‌ನ ಜೀವವೂ ಇದೆ.

ಕೆಂಪಾಗಿರೋದೆಲ್ಲ ತುಕ್ಕಲ್ಲ

ಅದಿರು ಹೊತ್ತ ಲಾರಿ ಮೈತುಂಬ ಕೆಂಪಗಿರುತ್ತೆ. ಅದರಲ್ಲಿ ಎಷ್ಟೋ ಪಾಲು ಹೆಮಟೈಟ್ ಧೂಳು, ಅಂದರೆ ಅದಿರಿನದೇ ಪುಡಿ. ಅದು ಆಗಲೇ ಆಕ್ಸೈಡ್ ಆಗಿರೋ ಕಬ್ಬಿಣ. ತಾನಾಗಿ ತಗಡನ್ನು ತಿನ್ನಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಬಂದು ಕೆಳಗೆ ಪೇಂಟು ನಯವಾಗಿ ಕಂಡರೆ ಅದು ಧೂಳು. ಒರೆಸಿದ ಮೇಲೂ ಕೆಳಗೆ ಒರಟು, ಗುಳ್ಳೆ, ಪದರ ಸಿಕ್ಕರೆ ಅದು ತುಕ್ಕು. ಅರ್ಧ ದಿನದ ಈ ಕೆಲಸದಿಂದ ಎಷ್ಟೋ ಗಾಡಿಗಳ 'ತುಕ್ಕು' ಅರ್ಧಕ್ಕೆ ಇಳಿಯುತ್ತೆ.

ನಿಜವಾದ ತುಕ್ಕು ಹುಟ್ಟೋದು ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಓದಿದ ಹಾಗೇ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ನೀರು ಮತ್ತು ಆಮ್ಲಜನಕ ಸೇರಿ ಅದನ್ನು ತಗೊಳ್ಳುತ್ತವೆ. ನೀರು, ಗಾಳಿ ಎರಡೂ ಬೇಕು. ಪರೀಕ್ಷೆಗೆ ಓದಿ ಮರೆಯೋ ಇನ್ನೊಂದು ಸಂಗತಿ ಇಲ್ಲಿ ಮುಖ್ಯ. ತಗಡಿನ ಮೇಲೆ ಒದ್ದೆ ಮಣ್ಣು ಮೆತ್ತಿಕೊಂಡಿದ್ದರೆ ಅದರ ಅಡಿಯಲ್ಲಿ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ಹೀಗೆ ಒಂದೇ ತಗಡಿನಲ್ಲಿ ಒಂದು ಸಣ್ಣ ಬ್ಯಾಟರಿ ತಯಾರಾಗುತ್ತೆ. ಅಂಚು ಕ್ಯಾಥೋಡ್, ಮಣ್ಣಿನ ಅಡಿ ಆನೋಡ್. ಕರಗೋದು ಯಾವಾಗಲೂ ಆನೋಡ್. ಅದಕ್ಕೇ ತೂತು ಬೀಳೋದು ಮಣ್ಣಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ.

ಮಳೆಯೇ ಇಲ್ಲದ ಕಡೆ ನೀರೆಲ್ಲಿಂದ ಬಂತು ಅಂತೀರಾ? ಮೊದಲನೆಯದು ಇಬ್ಬನಿ. ಮೋಡ ಇಲ್ಲದ ಚಳಿಗಾಲದ ರಾತ್ರಿ ಲಾರಿಯ ಟಾಪು ಆಕಾಶಕ್ಕೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತೆ, ಗಾಳಿಯಲ್ಲಿರೋ ತೇವ ಅದರ ಮೇಲೆ ಕೂರುತ್ತೆ. ಅಲ್ಲಿಂದ ಹರಿದು ಬಾಗಿಲ ಒಳಗೆ, ಗಾಜಿನ ರಬ್ಬರ್ ಅಡಿಗೆ, ಮಡಿಕೆಗಳಿಗೆ ಸೇರುತ್ತೆ. ಟಾಪು ಬಿಸಿಲಿಗೆ ಹತ್ತು ಗಂಟೆಗೇ ಒಣಗುತ್ತೆ, ಮಡಿಕೆ ಒಣಗಲ್ಲ. ಎರಡನೆಯದು ಗಾಡಿ ತೊಳೆಯೋ ಬೋರ್‌ವೆಲ್ ನೀರು. ಗಡಸು ನೀರು ಆರಿದಮೇಲೆ ಉಪ್ಪು ಅಲ್ಲೇ ಉಳಿಯುತ್ತೆ.

ಮೂರನೆಯದು ಲೋಡು. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75% ದಾಟಿದರೆ ತಾನೇ ನೀರಾಗೋಕೆ ಶುರು ಮಾಡುತ್ತೆ. ಯೂರಿಯಾ ಕೂಡ ಹೆಚ್ಚುಕಡಿಮೆ ಅಷ್ಟಕ್ಕೇ, ಪೊಟ್ಯಾಶ್ ಗೊಬ್ಬರ ಸುಮಾರು 84%ಗೆ. ಅಂದರೆ ಮಳೆ ಬರದಿದ್ದರೂ ಒಂದು ತೇವದ ರಾತ್ರಿ ಸಾಕು, ಹಲಗೆ ಸಂದಿಯಲ್ಲಿ ಉಳಿದ ಗೊಬ್ಬರದ ಪುಡಿ ಗಾಳಿಯಿಂದಲೇ ನೀರು ಎಳ್ಕೊಂಡು ತಗಡನ್ನು ಒದ್ದೆ ಮಾಡುತ್ತೆ. ಪೊಟ್ಯಾಶ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪಿನಲ್ಲಿ ಉಕ್ಕನ್ನು ತಿನ್ನೋ ಕ್ಲೋರೈಡೇ ಇದರಲ್ಲೂ ಇರೋದು. ಕಡಲಿಲ್ಲದ ಊರಿಗೆ ಕಡಲ ತುಕ್ಕು ಬರೋದು ಹೀಗೆ.

ತುಕ್ಕಿಗೆ ವಯಸ್ಸು ಕಾರಣ ಅಲ್ಲ ಅನ್ನೋದಕ್ಕೆ ಮೊಳಕಾಲ್ಮೂರು ತಾಲೂಕಿನಲ್ಲೇ ಸಾಕ್ಷಿ ಇದೆ. ಅಶೋಕನ ಶಾಸನ ಇರುವ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಬೃಹತ್ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಆಯುಧ, ಉಪಕರಣಗಳು ಸಿಕ್ಕವು. ಇಂಥದ್ದೇ ವಸ್ತು ಅಂತ ಗುರುತು ಹಿಡಿಯುವಷ್ಟು ಕಬ್ಬಿಣ ಎರಡು ಸಾವಿರ ವರ್ಷದ ಮೇಲೂ ಉಳಿದಿತ್ತು. ನಮ್ಮ ಲಾರಿಯ ಬಾಗಿಲು ಇಪ್ಪತ್ತು ವರ್ಷಕ್ಕೆ ಹೋಗುತ್ತೆ ಅಂದರೆ ಕೇಳಬೇಕಾದ್ದು 'ಎಷ್ಟು ಹಳೇದು' ಅಂತ ಅಲ್ಲ, 'ಎಲ್ಲಿ ನೆನೀತಾ ಇತ್ತು' ಅಂತ.

ಮೊದಲು ನಕ್ಷೆ, ಆಮೇಲೆ ಗ್ರೈಂಡರ್

ಗಾಡಿಯ ನಾಲ್ಕು ಕಡೆಯ ಚಿತ್ರ ಒಂದು ಹಾಳೆಯಲ್ಲಿ ಬರೀರಿ, ಅಡಿಭಾಗದ್ದು ಇನ್ನೊಂದರಲ್ಲಿ. ಒಂದು ಬಕೆಟ್ ನೀರನ್ನು ಟಾಪಿನ ಮೇಲೆ ನಿಧಾನಕ್ಕೆ ಹುಯ್ದು ಎಲ್ಲಿ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ, ಒಂದು ಗಂಟೆ ಆದಮೇಲೂ ಎಲ್ಲಿಂದ ತೊಟ್ಟಿಕ್ಕುತ್ತೆ ಅನ್ನೋದನ್ನು ಗುರುತು ಹಾಕಿ. ಆಮೇಲೆ ತುಕ್ಕಿರೋ ಜಾಗಗಳನ್ನೂ ಅದೇ ಹಾಳೆಯಲ್ಲಿ ಗುರುತಿಸಿ. ಎರಡೂ ಗುರುತು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಬೀಳದೇ ಇರೋ ಜಾಗ ಇದ್ದರೆ ಅಲ್ಲಿ ಬೇರೆ ಕಾರಣ ಹುಡುಕಿ. ಬ್ಯಾಟರಿ ಪೆಟ್ಟಿಗೆ ಹತ್ತಿರ ಆದರೆ ಗಂಧಕಾಮ್ಲ, ಅಲ್ಯೂಮಿನಿಯಂ ಪಟ್ಟಿ ಉಕ್ಕಿಗೆ ತಾಗಿರೋ ಕಡೆ ಎರಡು ಲೋಹಗಳ ನಡುವಿನ ವ್ಯವಹಾರ.

ಹಳೇ ಗಾಡಿಗಳಲ್ಲಿ ಇನ್ನೊಂದು ವಿಶೇಷ. ಕಂಪನಿಯಿಂದ ಬರೀ ಚಾಸಿ ಬಂದು, ಕ್ಯಾಬಿನ್ನು ಮತ್ತು ಬಾಡಿಯನ್ನು ಊರಲ್ಲೇ ಮರದ ಚೌಕಟ್ಟಿಗೆ ತಗಡು ಹೊಡೆದು ಕಟ್ಟಿಸುತ್ತಿದ್ದ ಕಾಲ ಅದು. ಮರ ತೇವ ಹಿಡಿದಿಟ್ಟುಕೊಳ್ಳುತ್ತೆ, ಜೊತೆಗೆ ಅಲ್ಪಸ್ವಲ್ಪ ಅಸಿಟಿಕ್ ಆಮ್ಲವನ್ನೂ ಬಿಡುತ್ತೆ. ಹೊರಗೆ ಚೆಂದ ಕಾಣೋ ತಗಡು ಮರಕ್ಕೆ ಅಂಟಿದ ಕಡೆ ಜಾಲರಿ ಆಗಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡೋದು ಒಂದೇ ದಾರಿ.

ನಕ್ಷೆಯಲ್ಲಿ ಮೂರು ಬಣ್ಣ ಬಳಸಿ. ಮೇಲ್ಮೈ ತುಕ್ಕಿಗೆ ಹಳದಿ: ಉಜ್ಜಿದರೆ ಹೋಗುತ್ತೆ. ತಗಡು ತೂತಾಗಿರೋದಕ್ಕೆ ನೀಲಿ: ಕತ್ತರಿಸಿ ಹೊಸ ತುಂಡು ಹಾಕಬೇಕು, ಟಿಂಕರಿಂಗ್ ಮೇಸ್ತ್ರಿ ಕೆಲಸ. ಲೋಡು ಹೊರೋ ಭಾಗದ ತುಕ್ಕಿಗೆ ಕೆಂಪು. ಕೆಂಪು ಎಷ್ಟಿದೆ ಅನ್ನೋದರ ಮೇಲೆ ಮುಂದಿನ ತೀರ್ಮಾನವೆಲ್ಲ ನಿಂತಿದೆ.

ಕೆಂಪು ಗುರುತಿನ ಲೆಕ್ಕ

ಲಾರಿಯ ಚಾಸಿ ಏಣಿಯ ಹಾಗೆ: ಎರಡು ಉದ್ದದ ಚಾನೆಲ್, ನಡುವೆ ಅಡ್ಡಪಟ್ಟಿ. ಚಾನೆಲ್ ಮೂಲದಲ್ಲಿ 6 ಮಿ.ಮೀ. ದಪ್ಪ ಇತ್ತು, ತುಕ್ಕು ಕೆರೆದಮೇಲೆ 4.5 ಉಳೀತು ಅಂತ ಇಟ್ಟುಕೊಳ್ಳಿ. ತೆಳು ಗೋಡೆಯ ಚಾನೆಲ್‌ನಲ್ಲಿ ಸೆಕ್ಷನ್ ಮಾಡ್ಯುಲಸ್ ಸರಿಸುಮಾರು ದಪ್ಪಕ್ಕೆ ಅನುಗುಣವಾಗಿ ಇಳಿಯುತ್ತೆ. ಹಾಗಾಗಿ ಅದೇ ಲೋಡಿಗೆ ಸ್ಟ್ರೆಸ್ 6ನ್ನು 4.5ರಿಂದ ಭಾಗಿಸಿದಷ್ಟು, ಅಂದರೆ 1.33 ಪಟ್ಟು. ಮೂರನೇ ಒಂದು ಭಾಗ ಜಾಸ್ತಿ ಅಷ್ಟೇ ತಾನೇ ಅನ್ನಬೇಡಿ. ಚಾಸಿ ಮುರಿಯೋದು ಒಂದೇ ಸಲದ ಹೊಡೆತಕ್ಕಲ್ಲ, ಲಕ್ಷಾಂತರ ಸಣ್ಣ ಕುಲುಕಾಟಕ್ಕೆ. ಫಟೀಗ್ ಲೆಕ್ಕದಲ್ಲಿ ಎಸ್-ಎನ್ ಗೆರೆಯ ಘಾತ 3 ಅಂತ ಹಿಡಿದರೆ ಉಳಿಯುವ ಆಯುಸ್ಸು 0.75ರ ಘನ, ಅಂದರೆ 42%. ಘಾತ 5 ಆದರೆ 24%. ಇದು ತುಕ್ಕು ಸಮನಾಗಿ ತಿಂದಿದ್ದರೆ ಮಾತ್ರ. ತುಕ್ಕು ಗುಳಿ ಗುಳಿಯಾಗಿ ತಿನ್ನುತ್ತೆ, ಪ್ರತಿ ಗುಳಿಯೂ ಬಿರುಕು ಶುರುವಾಗೋ ಜಾಗ. ಹಾಗಾಗಿ ನಿಜ ಇದಕ್ಕಿಂತ ಕೆಟ್ಟದ್ದೇ.

ಎಲ್ಲೆಲ್ಲಿ ನೋಡಬೇಕು? ಸ್ಪ್ರಿಂಗ್ ಹ್ಯಾಂಗರ್ ಕೂತಿರೋ ಕಡೆ, ಸ್ಟೇರಿಂಗ್ ಬಾಕ್ಸ್ ಕಚ್ಚಿರೋ ಕಡೆ, ಅಡ್ಡಪಟ್ಟಿಯ ರಿವೆಟ್‌ಗಳ ಸುತ್ತ, ಮತ್ತೆ ಚಾನೆಲ್ ಒಳಗೆ ಇನ್ನೊಂದು ಪ್ಲೇಟು ಸೇರಿಸಿ ಜೋಡಿ ಮಾಡಿರೋ ಕಡೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತೆ. ಎರಡು ಪ್ಲೇಟಿನ ನಡುವೆ ಬೆಳೆದರೆ ಒಳಗಿಂದಲೇ ಜಾಕಿ ಕೊಟ್ಟ ಹಾಗೆ ಪ್ಲೇಟುಗಳನ್ನು ಬಿಚ್ಚುತ್ತೆ. ಪ್ಲೇಟು ಉಬ್ಬಿದ್ದರೆ, ರಿವೆಟ್ ತಲೆ ಸಡಿಲವಾಗಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಉಕ್ಕು 'ಠಣ್' ಅನ್ನುತ್ತೆ, ಹೋಗಿದ್ದು 'ಡಬ್' ಅನ್ನುತ್ತೆ.

ಇಂಥ ಕಡೆ ಮನೆ ವೆಲ್ಡಿಂಗ್ ಬೇಡ. ಚಾನೆಲ್‌ನ ಮೇಲಿನ, ಕೆಳಗಿನ ತುಟಿಗಳ ಮೇಲೆ ಅಡ್ಡಡ್ಡ ವೆಲ್ಡ್ ಹೊಡೆದರೆ ಆ ಶಾಖ ತಗುಲಿದ ಗೆರೆಯಲ್ಲೇ ಚಾಸಿ ಬಿರುಕು ಬಿಡುತ್ತೆ. ಕೆಂಪು ಗುರುತು ಒಂದೆರಡಿದ್ದರೆ ಚಾಸಿ ಕೆಲಸ ಬಲ್ಲ ಮೇಸ್ತ್ರಿಗೆ ತೋರಿಸಿ. ಉದ್ದಕ್ಕೂ ಇದ್ದರೆ ಆ ಗಾಡಿ ಲೋಡಿಗೆ ಇಲ್ಲ ಅಂತ ಅಲ್ಲೇ ಒಪ್ಪಿಕೊಳ್ಳೋದು ಒಳ್ಳೇದು. ಪೇಂಟಿಗೆ ದುಡ್ಡು ಹಾಕಿದಮೇಲೆ ಯಾರಿಗೂ ಒಪ್ಪಿಕೊಳ್ಳೋ ಮನಸ್ಸು ಬರಲ್ಲ.

ಕೈ ಹಾಕೋ ಮುಂಚೆ

ಹಿತ್ತಿಲ ಕೆಲಸದಲ್ಲಿ ಜೀವ ಹೋಗೋ ದಾರಿಗಳು ಕೆಲವಿವೆ. ಒಂದೊಂದಾಗಿ ಹೇಳ್ತೀವಿ, ವೈವಾಗೆ ಓದಿದ ಹಾಗೆ ಓದ್ಕೊಳ್ಳಿ.

ಹಳೇ ಲಾರಿಯ ಡಿಸ್ಕ್‌ಗೆ ಬಿಡಿ ಲಾಕ್ ರಿಂಗ್ ಇರುತ್ತೆ. ತುಕ್ಕು ಹಿಡಿದ ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಗುಂಡಿನ ಹಾಗೆ ಹಾರುತ್ತೆ. ಬಿಚ್ಚೋ ಮುಂಚೆ ವಾಲ್ವ್ ತೆಗೆದು ಗಾಳಿ ಪೂರ್ತಿ ಬಿಡಿ. ತುಂಬಿಸೋದು ಕಬ್ಬಿಣದ ಪಂಜರ ಇರೋ ಟೈರ್ ಅಂಗಡಿಯಲ್ಲಿ ಮಾತ್ರ.

ಖಾಲಿ ಡೀಸೆಲ್ ಟ್ಯಾಂಕ್ ನಿಜವಾಗಿ ಖಾಲಿ ಇರಲ್ಲ, ಆವಿ ಇರುತ್ತೆ. ಅದರ ಮೇಲೆ ಅಥವಾ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಬೇಡ. ವೆಲ್ಡಿಂಗ್ ಎಲ್ಲೇ ಮಾಡಲಿ, ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರು ಬಿಚ್ಚಿ.

ಹಳೇ ಬ್ರೇಕ್ ಲೈನರ್‌ನಲ್ಲಿ ಆಸ್ಬೆಸ್ಟಾಸ್, ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೇಂಟನ್ನು ನೀರು ಹಾಕಿ ಉಜ್ಜಿ. ಹಳ್ಳದ ಮರಳು ತಂದು ಮನೆಯಲ್ಲೇ ಬ್ಲಾಸ್ಟಿಂಗ್ ಮಾಡೋ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ಸಿಲಿಕಾ ಧೂಳು ಶ್ವಾಸಕೋಶದಿಂದ ಮತ್ತೆ ಹೊರಗೆ ಬರಲ್ಲ.

ಜಾಕಿ ಎತ್ತೋಕೆ ಮಾತ್ರ, ಹೊರೋಕಲ್ಲ. ಕೆಳಗೆ ಸ್ಟ್ಯಾಂಡ್ ಇಲ್ಲವೇ ದಪ್ಪ ಮರದ ದಿಮ್ಮಿ ಕೊಟ್ಟಮೇಲೇ ಗಾಡಿ ಅಡಿಗೆ ಹೋಗಿ. ಟೊಳ್ಳು ಸಿಮೆಂಟ್ ಇಟ್ಟಿಗೆ ಯಾವತ್ತೂ ಬೇಡ.

ತುಕ್ಕು ತೆಗೆಯೋದು: ಹುಣಸೆಹಣ್ಣಿನಿಂದ ಬ್ಯಾಟರಿ ಚಾರ್ಜರ್‌ವರೆಗೆ

ಜಾಮ್ ಆದ ನಟ್ಟಿಗೆ ಮೊದಲೇ ಉದ್ದ ಪೈಪು ಹಾಕಿ ಎಳೆದರೆ ಬೋಲ್ಟ್ ಮುರಿಯುತ್ತೆ. ಹಿಂದಿನ ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಇಲ್ಲವೇ ಡೀಸೆಲ್ ಹಾಕಿಟ್ಟು, ಬೆಳಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಿಂದೆ ಮುಂದೆ ಆಡಿಸ್ತಾ ಬಂದರೆ ಪುಡಿ ಉದುರಿ ದಾರಿ ಆಗುತ್ತೆ. ಬಿಚ್ಚಿದ್ದಕ್ಕೆಲ್ಲ ಫೋಟೋ, ಡಬ್ಬಿ, ಚೀಟಿ.

ದೊಡ್ಡ ತಗಡಿಗೆ ವೈರ್ ಬ್ರಷ್, ಗ್ರೈಂಡರ್‌ನ ಫ್ಲಾಪ್ ಡಿಸ್ಕ್ ಸಾಕು. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ತಗಡು ಬಿಸಿಯಾಗಿ ಸೊಟ್ಟಗಾಗುತ್ತೆ. ಬ್ರಾಕೆಟ್, ಕೀಲು, ನಟ್ಟುಬೋಲ್ಟಿನಂಥ ಸಣ್ಣ ಭಾಗಗಳಿಗೆ ಹುಳಿ ಚೆನ್ನಾಗಿ ಕೆಲಸ ಮಾಡುತ್ತೆ. ಹುಣಸೆಹಣ್ಣಲ್ಲಿ ಟಾರ್ಟಾರಿಕ್ ಆಮ್ಲ ಇದೆ. ಅಜ್ಜಿ ಹಿತ್ತಾಳೆ ಚೊಂಬು ಬೆಳಗೋದೂ ಅದರಿಂದಲೇ. ಜಾಸ್ತಿ ಸಾಮಾನು ಇದ್ದರೆ ನೀರಿಗೆ 5% ಸಿಟ್ರಿಕ್ ಆಸಿಡ್ ಹಾಕಿ ಒಂದು ರಾತ್ರಿ ನೆನೆಸಿ, ಸೋಡಾ ನೀರಲ್ಲಿ ತೊಳೆದು ತಕ್ಷಣ ಬಿಸಿಲಿಗಿಟ್ಟು ಒಣಗಿಸಿ. ಹಾಗೇ ಬಿಟ್ಟರೆ ಗಂಟೆಯೊಳಗೆ ಹೊಸ ತುಕ್ಕು ಮೂಡುತ್ತೆ.

ಲ್ಯಾಬ್ ಇಷ್ಟಪಡುವವರಿಗೆ ಎಲೆಕ್ಟ್ರಾಲಿಸಿಸ್ ಇದೆ. ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಒಗೆಯೋ ಸೋಡಾ ಹಾಕಿ. 12 ವೋಲ್ಟ್ ಚಾರ್ಜರ್‌ನ ನೆಗೆಟಿವ್ ತುಕ್ಕಿನ ಭಾಗಕ್ಕೆ, ಪಾಸಿಟಿವ್ ಒಂದು ಗುಜರಿ ಉಕ್ಕಿನ ಪಟ್ಟಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಆ ಪಟ್ಟಿ ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತೆ. ಗುಳ್ಳೆ ಗುಳ್ಳೆಯಾಗಿ ಬರೋದು ಜಲಜನಕ, ಆದ್ದರಿಂದ ಬಯಲಲ್ಲೇ ಮಾಡಿ, ಬೀಡಿ-ಬೆಂಕಿ ದೂರ ಇರಲಿ. ಕೈ ಹಾಕೋ ಮುಂಚೆ ಸ್ವಿಚ್ ಆಫ್.

ಆದರೆ ಲೀಫ್ ಸ್ಪ್ರಿಂಗ್ ಮತ್ತು ಹೈ ಟೆನ್ಸೈಲ್ ಬೋಲ್ಟ್‌ಗಳನ್ನು ಹುಳಿಗೂ ಹಾಕಬೇಡಿ, ಡ್ರಮ್ಮಿಗೂ ಹಾಕಬೇಡಿ. ಗಡಸು ಉಕ್ಕಿನೊಳಗೆ ಜಲಜನಕ ಸೇರಿದರೆ ಅದು ಗಾಜಿನ ಹಾಗೆ ಪೆಡಸಾಗುತ್ತೆ. ಲೋಡು ಬಿದ್ದಾಗ ಎಚ್ಚರಿಕೆಯೇ ಕೊಡದೆ ಮುರಿಯುತ್ತೆ. ಅವಕ್ಕೆ ಬ್ರಷ್ ಸಾಕು. ಬೋಲ್ಟ್ ಆದರೆ ಹೊಸದೇ ಹಾಕಿ.

ಬ್ರಷ್ ಹೋಗದ ಗುಳಿಗಳಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ತುಕ್ಕನ್ನು ಗಟ್ಟಿಯಾದ ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತೆ. ದೆಹಲಿಯ ಕಬ್ಬಿಣದ ಕಂಬದ ಕಬ್ಬಿಣದಲ್ಲಿ ರಂಜಕ ಇದೆ, ಅದರ ಮೇಲೆ ಕಟ್ಟಿದ ರಕ್ಷಣೆಯ ಪೊರೆಯಲ್ಲೂ ಫಾಸ್ಫೇಟ್ ಇದೆ. ಟ್ಯಾನಿನ್ ಇರೋ ಕನ್ವರ್ಟರ್‌ಗಳೂ ಸಿಗುತ್ತವೆ, ಅವು ತುಕ್ಕನ್ನು ಕಪ್ಪಾಗಿಸುತ್ತವೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದ ಹಿಂದಿನವರ ರಸಾಯನವೂ ಇದೇ.

ಎಣ್ಣೆ ನಗರದ ಪ್ರಶ್ನೆ: ಶೇಂಗಾ ಎಣ್ಣೆ ಹಚ್ಚಿದರೆ ಸಾಲದಾ?

ಸಾಲದು. ಯಾಕೆ ಅಂದರೆ ಎಣ್ಣೆಗಳಲ್ಲಿ ಒಣಗೋ ಎಣ್ಣೆ, ಒಣಗದ ಎಣ್ಣೆ ಅಂತ ಎರಡು ಜಾತಿ. ಎಣ್ಣೆಯ ಅಣುವಿನಲ್ಲಿ ಜೋಡಿ ಬಂಧಗಳು ಹೆಚ್ಚಿದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಪೊರೆ ಕಟ್ಟುತ್ತೆ. ಇದನ್ನು ಅಳೆಯೋದು ಅಯೋಡಿನ್ ಮೌಲ್ಯದಿಂದ. ಅಗಸೆ ಎಣ್ಣೆಗೆ ಅದು 170ರ ಮೇಲೆ, ಶೇಂಗಾ ಎಣ್ಣೆಗೆ 100ರ ಆಸುಪಾಸು. ಅಗಸೆ ಎಣ್ಣೆ ಒಣಗಿ ಪೊರೆಯಾಗುತ್ತೆ, ಅದಕ್ಕೇ ಹಿಂದಿನಿಂದಲೂ ಪೇಂಟಿಗೆ ಬಳಕೆ. ಶೇಂಗಾ ಎಣ್ಣೆ ಒಣಗಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತೆ, ಕಮಟು ಬಂದಾಗ ಅದರಲ್ಲೇ ಆಮ್ಲ ಹುಟ್ಟುತ್ತೆ. ಧೂಳಿನ ಅಡಿಯಲ್ಲಿ ಏನಾಗುತ್ತೆ ಅಂತ ಆಗಲೇ ನೋಡಿದ್ವಿ. ಅದು ಒಗ್ಗರಣೆಗೇ ಇರಲಿ.

ಸಾಮಾನ್ಯವಾಗಿ ಹಚ್ಚೋದು ರೆಡ್ ಆಕ್ಸೈಡ್ ಪ್ರೈಮರ್. ಅದರ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ನೀರು ಹಿಡಿಯದ ರೂಪದಲ್ಲಿ ಇರೋದು. ಬರೀ ಪ್ರೈಮರ್ ಹಚ್ಚಿ ದುಡ್ಡು ಬಂದಮೇಲೆ ಪೇಂಟು ಹೊಡೆಸೋಣ ಅಂತ ಆರು ತಿಂಗಳು ಬಿಟ್ಟರೆ ಅದರೊಳಗಿಂದ ತೇವ ಇಳಿದು ತುಕ್ಕು ಮತ್ತೆ ಬರುತ್ತೆ. ಚಾಸಿಗೆ ಸಾಧ್ಯವಾದರೆ ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಪ್ರೈಮರ್ ಹಚ್ಚಿ.

ಹೊತ್ತೂ ಮುಖ್ಯ. ನಸುಕಿನಲ್ಲಿ ತಗಡಿನ ಮೇಲೆ ಕಾಣದಷ್ಟು ಇಬ್ಬನಿ ಇರುತ್ತೆ, ನಡುಮಧ್ಯಾಹ್ನ ತಗಡು ಕೈ ಇಡೋಕಾಗದಷ್ಟು ಕಾದು ಪೇಂಟು ಗುಳ್ಳೆ ಬರುತ್ತೆ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನೋದು ಪೇಂಟಿಂಗ್ ಕೆಲಸದ ಕಟ್ಟಳೆ. ನಮ್ಮ ಕಡೆಗೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಚಳ್ಳಕೆರೆ ಗಾಳಿ ಧೂಳೆಬ್ಬಿಸದ ದಿನ ನೋಡಿ. ಮಳೆ ಹೆಚ್ಚಾಗಿ ಬರೋ ಸೆಪ್ಟೆಂಬರ್-ಅಕ್ಟೋಬರ್ ಬೇಡ. ಉಜ್ಜಿದ್ದಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು, ನಾಳೆಗೆ ಉಳಿಸೋ ಹಾಗಿಲ್ಲ.

ಈಗ ನಕ್ಷೆ ಮತ್ತೆ ತೆಗೀರಿ. ನೀರು ನಿಂತಿದ್ದ ಪ್ರತಿ ಜಾಗಕ್ಕೂ ಒಂದು ಉತ್ತರ ಬೇಕು. ಬಾಗಿಲ ಅಡಿಯಲ್ಲಿ ಮುಚ್ಚಿಹೋದ ತೂತು ಬಿಡಿಸಿ, ಗಾಜಿನ ರಬ್ಬರ್ ಬದಲಿಸಿ, ಮರ ಮತ್ತು ತಗಡಿನ ನಡುವೆ ಸೀಲರ್ ಹಚ್ಚಿ, ಬ್ಯಾಟರಿ ಅಡಿಗೆ ಪ್ಲಾಸ್ಟಿಕ್ ತಟ್ಟೆ ಇಡಿ. ಅದೇ ಬಕೆಟ್ ನೀರು ಮತ್ತೆ ಹುಯ್ದು ನೋಡಿ. ನೀರು ಎಲ್ಲೂ ನಿಲ್ಲದಿದ್ದರೆ ಬಾಡಿ ಕೆಲಸ ಮುಗೀತು. ಎಷ್ಟು ಹೊಳೀತಿದೆ ಅನ್ನೋದು ಆಮೇಲಿನ ಮಾತು.

ಕೀ ತಿರುಗಿಸೋ ಮುಂಚೆ ಒಂದು ಬೈಟು ಟೀ

407ರ 497 ಎಂಜಿನ್ನಿನ ಹೆಸರಲ್ಲೇ ಅಳತೆ ಇದೆ. 4 ಸಿಲಿಂಡರ್, 97 ಮಿ.ಮೀ. ಬೋರ್. ಸ್ಟ್ರೋಕ್ 100 ಮಿ.ಮೀ. ಲೆಕ್ಕ ಹಾಕಿ: 0.7854 × 97 × 97 × 100, ಒಂದು ಸಿಲಿಂಡರಿಗೆ 739 ಸಿ.ಸಿ., ನಾಲ್ಕಕ್ಕೆ 2956 ಸಿ.ಸಿ. ದೊಡ್ಡ ಲಾರಿಯ 697ಕ್ಕೂ ಇದೇ ಸೂತ್ರ, 6 ಸಿಲಿಂಡರ್, 97 ಬೋರ್. 128 ಸ್ಟ್ರೋಕ್ ಹಾಕಿದರೆ 5675 ಸಿ.ಸಿ.

ಕಂಪ್ರೆಷನ್ ಅನುಪಾತ 17 ಅಂತ ಹಿಡಿದರೆ ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ 739ನ್ನು 16ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 46 ಮಿ.ಲೀ. ಒಂದು ಬೈಟು ಟೀಯಷ್ಟು. ಗ್ಯಾಸ್ಕೆಟ್‌ನಿಂದಲೋ ಸೈಲೆನ್ಸರ್‌ನಿಂದಲೋ ಅಷ್ಟು ನೀರು ಇಳಿದು ಕೂತಿದ್ದರೆ, ನೀರು ಅದುಮಿದರೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಆದ್ದರಿಂದ ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೀದಾ ಸೆಲ್ಫ್ ಹೊಡೀಬೇಡಿ, ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮಾರನೇ ದಿನ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಹಳೇ ಡೀಸೆಲ್, ತಳದ ನೀರು ಪೂರ್ತಿ ಬಸಿದು, ಫಿಲ್ಟರ್ ಬದಲಿಸಿ, ಏರ್ ತೆಗೆದಮೇಲೆ ಸ್ಟಾರ್ಟರ್ ಮುಟ್ಟಿ. ಇಂಜೆಕ್ಟರ್ ಮತ್ತು ಪಂಪು ಹೇಗೂ ಡೀಸೆಲ್ ಪಂಪ್ ರಿಪೇರಿಯವರ ಹತ್ತಿರ ಪರೀಕ್ಷೆ ಆಗಲಿ. ರೇಡಿಯೇಟರಿಗೆ ಬೋರ್ ನೀರು ಬೇಡ, ಕೂಲೆಂಟ್ ಹಾಕಿ.

ಬ್ರೇಕಿನ ವಿಷಯದಲ್ಲಿ ಉಳಿತಾಯ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಹಾಗಾಗಿ ಪೈಪಿಗೆ ಒಳಗಿಂದಲೂ ತುಕ್ಕು. ಆ ಉಕ್ಕಿನ ಪೈಪಿನ ಗೋಡೆ ಸುಮಾರು 0.7 ಮಿ.ಮೀ. ಮಾತ್ರ. ಕ್ಲಿಪ್ಪಿನ ಅಡಿಯ ಒಂದು ಗುಳಿ ಸಾಕು, ಖಾಲಿ ಗಾಡಿಯಲ್ಲಿ ನಿಂತ ಬ್ರೇಕು ಲೋಡು ಗಾಡಿಯಲ್ಲಿ ಜೋರಾಗಿ ತುಳಿದಾಗ ಒಡೆಯುತ್ತೆ. ಪೈಪು, ಹೋಸು, ಸಿಲಿಂಡರ್ ರಬ್ಬರು ನೋಡೋಕೆ ಚೆನ್ನಾಗಿದ್ದರೂ ಎಲ್ಲ ಹೊಸದು ಹಾಕಿ. ಟೈರು ಗುಂಡಿಯೊಳಗಿನ ನೂಲು ಕಾಣುವಷ್ಟು ಬಿರುಕು ಬಿಟ್ಟಿದ್ದರೆ ಹೂವು ಎಷ್ಟೇ ಉಳಿದಿದ್ದರೂ ಬೇಡ.

ಕಾಗದ ಪತ್ರ

ಚಿತ್ರದುರ್ಗ ಜಿಲ್ಲೆಯ ಗಾಡಿಗಳು ಕೆಎ-16. ಕೆಲಸ ಶುರು ಮಾಡೋ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಬಾಕಿ, ಸಾಲದ ಹೈಪಾಥಿಕೇಷನ್, ಆರ್‌ಸಿ ಸ್ಥಿತಿ ವಿಚಾರಿಸಿ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ನಮಗೆ ಬೇಕಾದ ಹಾಗೆ ಮಾರ್ಪಡಿಸೋ ಹಾಗಿಲ್ಲ. ಇನ್ನೊಂದು: ಚಾಸಿ ಉಜ್ಜೋ ಉತ್ಸಾಹದಲ್ಲಿ ಚಾಸಿ ನಂಬರ್ ಉಜ್ಜಿಬಿಟ್ಟರೆ ಗಾಡಿಯ ಗುರುತೇ ಹೋಗುತ್ತೆ. ಆ ಜಾಗವನ್ನು ಕೈಯಿಂದ ಮೆಲ್ಲಗೆ ತೊಳೆದು, ಫೋಟೋ ತೆಗೆದು, ಟೇಪು ಅಂಟಿಸಿ ಕಾಪಾಡಿ. ಗುಜರಿಗೆ ಹಾಕೋದೇ ಅಂತ ತೀರ್ಮಾನ ಆದರೂ 2021ರ ನಿಯಮಗಳಡಿ ನೋಂದಾಯಿತ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೊಂಡು ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ಗಾಡಿ ಹೋಗಿ ತೆರಿಗೆ ಮಾತ್ರ ಉಳಿಯುತ್ತೆ.

ಮೂರು ಉತ್ತರ

ನಕ್ಷೆ, ಸುತ್ತಿಗೆ, ಲೆಕ್ಕ ಎಲ್ಲ ಆದಮೇಲೆ ಉತ್ತರ ಮೂರರಲ್ಲಿ ಒಂದು. ಕೆಂಪು ಗುರುತಿಲ್ಲ, ಬ್ರೇಕು ಹೊಸದು, ಫಿಟ್‌ನೆಸ್ ಸಿಕ್ಕಿತು ಅಂದರೆ ಗಾಡಿ ರಸ್ತೆಗೆ ಇಳೀಲಿ. ಚಾಸಿ ಬಗ್ಗೆ ಅನುಮಾನ ಉಳಿದಿದ್ದರೆ ಲೋಡಿನ ಆಸೆ ಬಿಟ್ಟು, ಎಂಜಿನ್ ಬಿಚ್ಚಿ ಕಲಿಯೋಕೆ ಅಂಗಳದಲ್ಲೇ ಇಟ್ಟುಕೊಳ್ಳಿ. ಒಂದು ಸೆಮಿಸ್ಟರ್ ಪೂರ್ತಿ ಕಲಿಯುವಷ್ಟು ಪಾಠ ಅದರೊಳಗಿದೆ. ಚಾಸಿ ಉದ್ದಕ್ಕೂ ಹೋಗಿದ್ದರೆ ಗೇರ್‌ಬಾಕ್ಸು, ಆಕ್ಸಲ್ಲು ಬೇರೆಯವರ ಗಾಡಿಗೆ ಆಗಲಿ, ಉಳಿದದ್ದು ಕುಲುಮೆಗೆ ಹೋಗಲಿ. ಅದರಲ್ಲಿ ಸೋಲೇನೂ ಇಲ್ಲ.

ಈ ರಜೆಗೆ ಊರಿಗೆ ಹೋದವರು ಮನೆ ಹಿಂದಿನ ಲಾರಿ ಇರಲಿ, ಟ್ರಾಕ್ಟರ್ ಟ್ರೈಲರ್ ಇರಲಿ, ಹಳೇ ಕಬ್ಬಿಣದ ಗೇಟೇ ಇರಲಿ, ಒಂದು ಬಕೆಟ್ ನೀರು ಹುಯ್ದು ನಕ್ಷೆ ಬರೆದು ತನ್ನಿ. ನೀರು ನಿಂತ ಜಾಗ, ತುಕ್ಕು ಕಂಡ ಜಾಗ ಎರಡನ್ನೂ ಗುರುತು ಹಾಕಿರಿ. ಹತ್ತು ಊರಿನ ಹತ್ತು ನಕ್ಷೆ ಸೇರಿದರೆ ಮುಂದಿನ ಸಂಚಿಕೆಗೆ ಅದೇ ಪಾಠ.